ಮೂಲೆಯಲ್ಲಿ ಉಳಿದ ಬೂದಿ

ನವೆಂಬರ್ 24, ಬೆಳಿಗ್ಗೆ 6.30
ಮಾಳಿಗೆ ಹತ್ತಿದೆ. ಗಾಜು ನೋಡಿದೆ. ಧೂಳು — ಶೂನ್ಯ. ರಿಜಿಸ್ಟರಿನಲ್ಲಿ ಬರೆದೆ. ಗಾಳಿ ಇಲ್ಲ, ಚಳಿ ಇದೆ.

ಕೆಲಸ ಇಷ್ಟೇ. ಚಿಂಚೋಳಿ ಕಾಡಿನಲ್ಲಿ ಒಂದು ಕ್ವಾರ್ಟರ್ಸ್. ಅದರ ಮಾಳಿಗೆ ಮೇಲೆ ಗಾಳಿಯಲ್ಲಿನ ಕೊಳೆ ಅಳೆಯುವ ಯಂತ್ರ. ಪಕ್ಕದಲ್ಲಿ, ಬಿದ್ದ ಧೂಳು ಕಾಣಲಿ ಎಂದು ಇಟ್ಟ ಒಂದು ಗಾಜಿನ ಹಲಗೆ. ವಾಡಿಯಲ್ಲಿ ಇಪ್ಪತ್ತೆರಡು ವರ್ಷ ಸಿಮೆಂಟ್ ಚೀಲ ತುಂಬಿದವನಿಗೆ ಈಗ ಧೂಳು ಇಲ್ಲ ಎಂದು ಬರೆಯುವುದಕ್ಕೆ ಪಗಾರ!

ಬಂದದ್ದು ಹೆಂಡತಿಗಾಗಿ. ಭೀಮಬಾಯಿಯ ಎದೆಗೆ ಇನ್ನು ಧೂಳು ತಾಗಿದರೆ ಕಷ್ಟ ಅಂದಿದ್ದರು ಡಾಕ್ಟರು. ಐದು ತಿಂಗಳಾಯಿತು. ಒಮ್ಮೆಯೂ ದಮ್ಮು ಎದ್ದಿಲ್ಲ. ದಮ್ಮಿಗೆ ಬಾಯಲ್ಲಿಟ್ಟು ಎಳೆಯುವ ಪಂಪು ಗೋಡೆಯ ಗೂಡಿನಲ್ಲಿ ಹಾಗೇ ಇದೆ. ಗೆದ್ದೆ ಅನಿಸುತ್ತದೆ.

ನವೆಂಬರ್ 27
ಗಾಜು — ಶೂನ್ಯ.
ಸೂರ್ಯ ಬೆಳ್ಳಗೆ ಎದ್ದ. ಕಣ್ಣು ಬಿಟ್ಟು ನೋಡಬಹುದು, ತಟ್ಟೆಯಂತೆ. ನವಿಲು ಮೂರು ದಿನದಿಂದ ಕೂಗಿಲ್ಲ. ಬಾವಿ ಕಡೆಯ ಜೇನು ಗೂಡು ಬಿಟ್ಟು ಹೋಗಿವೆ. ಗಾಳಿಯಲ್ಲಿ ಬೆಂಕಿಕಡ್ಡಿ ಗೀರಿದ ವಾಸನೆ... ಯಾರೂ ಗೀರಿಲ್ಲ.

ತೇಗದ ಎಲೆ ಮೇಲೆ ಬೆರಳಿಂದ ಹೆಸರು ಬರೆದೆ. ಲಾಲಪ್ಪ. ಚೆನ್ನಾಗಿ ಮೂಡಿತು. ಎಲೆ ಮೇಲೆ ಧೂಳು, ಗಾಜಿನ ಮೇಲೆ ಇಲ್ಲ. ಹೇಗೆ?

ನವೆಂಬರ್ 29, ಮಧ್ಯಾಹ್ನ
ಕಲಬುರಗಿಯಿಂದ ಪ್ರಮಿತಾ ಮೇಡಂ ಫೋನ್. ಯಂತ್ರದ ಲೆಕ್ಕ ನೋಡುವವರು ಇವರೇ.

"ಲಾಲಪ್ಪನವರೇ, ಯಂತ್ರದಾಗ ಗಂಧಕ ಭಾಳ ಏರ್‍ಲಿಕತ್ತದ. ಸಮುದ್ರದ ಆಚಿ ಒಂದು ಜ್ವಾಲಾಮುಖಿ ಸಿಡಿದದ. ಅದರ ಹೊಗಿ ಮ್ಯಾಲಿನ ಗಾಳಿ ಹಿಡದು ನಿಮ್ಮ ಕಾಡಿನ ತನಕ ಬಂದದ. ಗಾಜಿನ ಮ್ಯಾಲ ಬೂದಿ ಕಾಣಬೇಕಲ್ಲ?"

"ಏನೂ ಇಲ್ರಿ ಮೇಡಂ. ದಿನಾ ನೋಡ್ತೀನಿ."

"ಅಷ್ಟು ಸ್ವಚ್ಛ ಜಾಗಾ ಭೂಮಿ ಮ್ಯಾಲ ಎಲ್ಲೂ ಇಲ್ರಿ."

ನನ್ನನ್ನು ಸುಳ್ಳುಗಾರ ಅಂದಂತಾಯಿತು. ಸಿಟ್ಟು ಬಂತು. ಭೀಮಬಾಯಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಆಮೇಲೆ ನಕ್ಕಳು.

"ಒಲಿ ಯಾರ ಮನಿದೋ, ಬೂದಿ ಬಳದು ಚೆಲ್ಲೋದು ನಂದಾ?"

ಡಿಸೆಂಬರ್ 2
ಗಾಜು ಶೂನ್ಯ. ಆದರೆ — ಯಂತ್ರದ ಕಾಲಿಗೆ ತಾಗಿದ ಮೂಲೆಯಲ್ಲಿ ಬೂದು ಗೆರೆ. ಕುಡುಗೋಲಿನ ಆಕಾರ. ಉಳಿದದ್ದು ಕನ್ನಡಿಯಂತೆ.

ಸೂಜಿಯಿಂದ ಕೆರೆದು ನಿಂಬೆರಸ ಬಿಟ್ಟೆ. ಶಹಾಬಾದ್ ಸುಣ್ಣಕಲ್ಲಿನ ಪುಡಿಯಾದರೆ ನೊರೆ ಏಳಬೇಕು. ಏಳಲಿಲ್ಲ. ಇನ್ನಷ್ಟಕ್ಕೆ ನೀರು ಹಾಕಿಟ್ಟೆ. ಸಿಮೆಂಟಾದರೆ ಸಂಜೆಗೆ ಗಟ್ಟಿಯಾಗಬೇಕು. ಆಗಲಿಲ್ಲ. ಹಲ್ಲಿಗಿಟ್ಟು ಕಡಿದೆ. ಕರಕರ, ಗಾಜಿನ ಹುಡಿಯಂತೆ.

ಹುಟ್ಟಿದಾಗಿನಿಂದ ಧೂಳು ತಿಂದವನು ನಾನು. ಇದರ ಗುರುತು ಸಿಗಲಿಲ್ಲ. ಹೆದರಿಕೆಯಾಯಿತು.

ಡಿಸೆಂಬರ್ 3, ಬೆಳಿಗ್ಗೆ 5.40
ಇವತ್ತು ಬೇಗ ಹತ್ತಿದೆ.

ಭೀಮಬಾಯಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಎಡಗೈ ಎದೆ ಮೇಲೆ. ಬಲಗೈಯಲ್ಲಿ ಒದ್ದೆ ಅರಿವೆ. ಗಾಜು ಒರೆಸುತ್ತಿದ್ದಳು, ಗುಂಡಗೆ, ನಿಧಾನ. ಯಂತ್ರದ ಕಾಲು ಅಡ್ಡ ಬಂದು ಆ ಒಂದು ಮೂಲೆಗೆ ಕೈ ಮುಟ್ಟುತ್ತಿರಲಿಲ್ಲ.

"ಮುಟ್ಟಬ್ಯಾಡ ಅಂದಿದ್ದಿಲ್ಲೇನು?"

"ವಾಡ್ಯಾಗ ಒಲಿ ಹಚ್ಚೋ ಮೊದಲು ಎಲ್ಲಾ ಒರಸೋದು ರೂಢಿರಿ. ಇಲ್ಲಿಗಿ ಬಂದ ಮ್ಯಾಲೂ ಬಿಡಲಿಲ್ಲ." ಮಾತಿನ ನಡುವೆ ಉಸಿರಿಗೆ ನಿಂತಳು. "ಒಂದು ವಾರದಿಂದ ಅರಿವಿ ಕರ್ರಗ ಬರ್‍ಲಿಕತ್ತದ. ನೀವು ಖುಷೀಲೆ ಶೂನ್ಯ ಬರೀತೀರಿ. ನನ್ನ ಸಲುವಾಗಿ ನೌಕರಿ ಬಿಟ್ಟು ಬಂದೀರಿ. ಹ್ಯಾಂಗ ಹೇಳ್ಲಿ?"

ಕೆಳಗೆ ಓಡಿದೆ. ಗೂಡಿನ ಪಂಪು ಅಲ್ಲಾಡಿಸಿದೆ. ಖಾಲಿ. ಯಾವಾಗ ಮುಗಿಸಿದ್ದಳೋ.

ಬೈದೆ. ಬಾಯಿಗೆ ಬಂದಂತೆ ಬೈದೆ. ಬೈಯಬಾರದಿತ್ತು.

ಡಿಸೆಂಬರ್ 7, ಮಧ್ಯಾಹ್ನ 2
ನಾಲ್ಕು ದಿನ ಬರೆಯಲಾಗಲಿಲ್ಲ. ಬೈದ ದಿನವೇ ಅವಳಿಗೆ ದಮ್ಮು ಎದ್ದಿತು. ಪಕ್ಕದ ಊರಿನ ನಬೀಸಾಬ್ ತನ್ನ ಟಂಟಂ ಆಟೋದಲ್ಲಿ ಚಿಂಚೋಳಿ ದವಾಖಾನೆಗೆ ಸೇರಿಸಿದ. ದಾರಿಯುದ್ದಕ್ಕೂ ಕಾಡು ಬೂದು. ಒಂದು ಹಕ್ಕಿ ಇಲ್ಲ.

ಆಕ್ಸಿಜನ್ ಹಾಕಿದ್ದಾರೆ. ಇವಳ ತಂಗಿ ದಾನಮ್ಮ ಸೇಡಂನಿಂದ ಬಂದು ಕುಂತಿದ್ದಾಳೆ. ನಾಳೆ ಕಲಬುರಗಿಗೆ ಒಯ್ಯಬೇಕು. ಸೀರೆ, ಕಾಗದ ಪತ್ರ ತರಲು ನಾನು ಈಗ ಮನೆಗೆ ಹೊರಟೆ.

ಮೂಲೆಯ ಬೂದಿ ಮೇಡಂಗೆ ಕಳಿಸಿದ್ದೆ. ಜ್ವಾಲಾಮುಖಿಯದೇ ಅಂತೆ. "ಇವತ್ತೊಂದು ದಿನ ಗಾಜು ಯಾರೂ ಮುಟ್ಟಬಾರ್ದು ನೋಡ್ರಿ," ಅಂದರು. ಮುಟ್ಟಲು ಯಾರಿದ್ದಾರೆ?

ಹೊರಡುವಾಗ ಭೀಮಬಾಯಿ ಮಾಸ್ಕ್ ಸರಿಸಿದಳು.

"ಗಾಜು ಒರಸೀರಿ?"

"ಇಲ್ಲ."

"ಹಂಗೇ ಬಿಡಬ್ಯಾಡ್ರಿ. ಮನಿ ಹೊಲಸ ಕಾಣತದ."

ಸುಮ್ಮನಿರು ಅಂದೆ. ಬೆಳಿಗ್ಗೆ ಬರುತ್ತೇನೆ ಅಂದೆ. ಅವಳು ನನ್ನ ಕೈ ಬಿಡಲಿಲ್ಲ ಸ್ವಲ್ಪ ಹೊತ್ತು. ತಣ್ಣಗಿತ್ತು ಕೈ.

ಸಂಜೆ 5
ಮನೆ ಸೇರಿದೆ. ಗಾಜಿನ ಮೇಲೆ ನಾಲ್ಕು ದಿನದ ಬೂದಿ, ದಪ್ಪಗೆ. ಮುಟ್ಟಲಿಲ್ಲ. ಮಾಳಿಗೆ ಬಾಗಿಲಿಗೆ ಬೀಗ ಹಾಕಿದೆ. ಕೀಲಿ ಜೇಬಿನಲ್ಲಿ.

ಡಿಸೆಂಬರ್ 8, ಬೆಳಿಗ್ಗೆ 6.10
ಬೀಗ ಹಾಕಿದ ಹಾಗೇ ಇತ್ತು. ತೆಗೆದು ಹತ್ತಿದೆ.

ಯಂತ್ರದ ಟೋಪಿ ಬೂದು. ಗೋಡೆ ಬೂದು. ನೆಲ ಬೂದು — ಅದರ ಮೇಲೆ ನನ್ನ ಹೆಜ್ಜೆ ಮಾತ್ರ, ನಿನ್ನೆಯವು, ಇವತ್ತಿನವು.

ಗಾಜು ಕನ್ನಡಿಯಂತೆ.

ಬೆರಳಿಟ್ಟೆ. ಒದ್ದೆ. ಗುಂಡಗೆ ಒರೆಸಿದ ನೀರಿನ ಗೆರೆ ಇನ್ನೂ ಆರಿಲ್ಲ. ಯಂತ್ರದ ಕಾಲಿನ ಮೂಲೆಯಲ್ಲಿ ಮಾತ್ರ ಬೂದಿ, ಕುಡುಗೋಲಿನಂತೆ.

ಜೇಬಿನಲ್ಲಿ ಫೋನ್ ಬಡಿಯುತ್ತಿದೆ. ದಾನಮ್ಮ. ನಿಂತಿತು. ಮತ್ತೆ ದಾನಮ್ಮ.

ಎತ್ತುವುದಿಲ್ಲ. ಎತ್ತಿದರೆ ಹೇಳಿಬಿಡುತ್ತಾಳೆ. ಮೊದಲು ಇವತ್ತಿನದು ಬರೆದುಬಿಡುತ್ತೇನೆ.

ಗಾಳಿ ಇಲ್ಲ. ಚಳಿ. ಧೂಳು —