ನಿಲ್ಲಿಸುವ ಗುಂಡಿ ಇಲ್ಲದ ಆಟ

ರಾಯದುರ್ಗ
೧೮-೬-೨೦೨೩, ಭಾನುವಾರ

ನಮ್ಮ ಮನೆಯ ಕೃಷ್ಣವೇಣಿಗೆ,

ನಿನ್ನ ಅತ್ತಿಗೆ ರಂಗಕ್ಕನ ಆಶೀರ್ವಾದ. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಸಂಕ್ರಾಂತಿ ಕಳೆದು ನೀನು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಸೇರಿದಾಗಲೇ ಕಾಗದ ಹಾಕಬೇಕಿತ್ತು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಅಣ್ಣನ ಮಾತು ತೆಗೆದರೆ ಸಾಕು, ಕಟ್ ಮಾಡುತ್ತೀಯ. ಕಾಗದವನ್ನು ಹೇಗೆ ಕಟ್ ಮಾಡುತ್ತೀಯೋ ನೋಡೋಣ. ಹರಿಯುವುದಾದರೆ ಓದಿ ಮುಗಿಸಿ ಹರಿ.

ನಮ್ಮ ಹೊಲಿಗೆ ಯೂನಿಟ್‌ಗೆ ಈಗ ಕಪ್ಪು ಜೀನ್ಸ್ ಬಂದಿದೆ, ಕಣ್ಣಿಗೆ ದಾರವೇ ಕಾಣುವುದಿಲ್ಲ. ನಿನ್ನ ಓವರ್‌ಲಾಕ್ ಮಷಿನ್ನಿಗೆ ಕದಿರಮ್ಮನನ್ನು ಕೂರಿಸಿದ್ದಾರೆ. ಪುಣ್ಯಾತ್ಗಿತ್ತಿ, ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ರೊಳ್ಳದಿಂದ ನಮ್ಮಮ್ಮ ಕಡಲೆಕಾಯಿ ಕಳಿಸಿದ್ದಾಳೆ, ನಿನ್ನ ಪಾಲು ಡಬ್ಬಿಯಲ್ಲಿದೆ.

ಇನ್ನು ನಿಮ್ಮಣ್ಣನ ವಿಷಯ. ಮತ್ತೆ ಆ ಆಟ ಹಿಡಿದಿದ್ದಾರೆ. ಅಟ್ಟಕ್ಕೆ ಎಸೆದಿದ್ದ ಗೇಮಿನ ಡಬ್ಬಿಯನ್ನು ಅವರೇ ಇಳಿಸಿ, ಧೂಳು ಒರೆಸಿ, ಟಿವಿಗೆ ಹಚ್ಚಿ, ಆಟದೊಳಗೆ ಹೊಸದಾಗಿ ಒಬ್ಬ ವೀರನಾರಿಯನ್ನು ಶುರು ಮಾಡಿದ್ದಾರೆ. ಹೆಸರು ಅಂಬಮ್ಮ. ನೀನು ಇಟ್ಟಿದ್ದೆಯಲ್ಲ, ನಿಮ್ಮವ್ವನ ಹೆಸರು, ಅದೇ. ನೀನು ಅವಳನ್ನು ಎಲ್ಲಿಗೆ ಮುಟ್ಟಿಸಿದ್ದೆಯೋ ಆ ರೆಕ್ಕೆಯ ರಾಜನ ಬಾಗಿಲಿಗೆ ತಂದು ನಿಲ್ಲಿಸುತ್ತಾರಂತೆ. "ವೇಣಿ ಬಂದ್ರ ಆಕಿ ಬಿಟ್ಟಲ್ಲಿಂದನ ಆಡ್ಬೇಕು" ಅನ್ನುತ್ತಾರೆ. ಆದರೆ ಕೋಟೆಯ ಮೊದಲ ಬಾಗಿಲ ಕಾವಲಿನವನೇ ಇವರನ್ನು ಒಳಗೆ ಬಿಡುತ್ತಿಲ್ಲ. ಕತ್ತಿ ಬೀಸುವಾಗ ಪಕ್ಕಕ್ಕೆ ಉರುಳಬೇಕು ಎಂದು ನಿನಗೆ ಕಲಿಸಿದವರೇ ಇವರು, ಆಗೆಲ್ಲ ಟೀ ಕುಡಿಯುತ್ತಲೇ ಅವನನ್ನು ದಾಟುತ್ತಿದ್ದರು. ಈಗ ಯಾಕೆ ಹೀಗೆ ಅಂದರೆ "ವಯಸ್ಸಾತಲ್ಲ" ಎಂದು ಮಾತು ಹಾರಿಸುತ್ತಾರೆ.

ಬಿದ್ದಾಗಲೆಲ್ಲ "ಹೋಗಿ ಬರ್ತೀನಿ" ಅನ್ನುತ್ತಾರೆ. ನೆನಪಿದೆಯಾ? ಮೊದಮೊದಲು ನೀವಿಬ್ಬರೂ "ಸತ್ತೆ, ಸತ್ತೆ" ಎಂದು ಕೂಗುತ್ತಿದ್ದಾಗ ಅತ್ತೆ ಸೌಟು ಹಿಡಿದು ಬಂದಿದ್ದರು. "ದೀಪ ಹಚ್ಚಿದ ಮನ್ಯಾಗ ಅದೇನು ಮಾತಾಡ್ತೀರಿ? ಹೋಗಿ ಬರ್ತೀನಿ ಅನ್ರಿ." ಅತ್ತೆ ತೀರಿಕೊಂಡ ಮೇಲೂ ಅಣ್ಣ ತಂಗಿ ಆ ಮಾತು ಬಿಡಲಿಲ್ಲ.

ಆ ದಿನವನ್ನು ನೆನೆದರೆ ನಗು ಬರುತ್ತದೆ, ಆಮೇಲೆ ಅಳು ಬರುತ್ತದೆ. ಬೊಮ್ಮನಹಾಳಿನ ಸಣ್ಣಬಸಪ್ಪನವರು ಮಗನಿಗೆ ನಿನ್ನನ್ನು ನೋಡಲು ಬಂದು ಪಡಸಾಲೆಯಲ್ಲಿ ಕೂತಿದ್ದಾರೆ. ಒಳಗೆ ನೀನು ರಿಮೋಟ್ ಬಿಡಲೊಲ್ಲೆ. "ಈ ಆಟಕ್ಕ ನಿಲ್ಲಿಸೋ ಗುಂಡಿ ಇಲ್ಲ ಅತ್ತಿಗಿ, ರಾಜನ್ನ ಮುಗಿಸಿ ಬರ್ತೀನಿ" ಅಂದೆ. "ಹುಡುಗಿ ಎಲ್ರಿ?" ಎಂದು ಅವರು ಕೇಳಿದರೆ ನಾನು ನಮ್ಮ ರೊಳ್ಳದ ಬಾಯಲ್ಲಿ "ಒಳಗೆ ಯುದ್ಧ ಮಾಡ್ತಾವ್ಳೆ, ಮುಗುಸ್ಕಂಡ್ ಬತ್ತಾಳೆ" ಅಂದುಬಿಟ್ಟೆ. ಹುಡುಗ ನಕ್ಕ. ಅವರಪ್ಪ ಎದ್ದು ಚಪ್ಪಲಿ ಮೆಟ್ಟಿದರು. ನಿಮ್ಮಣ್ಣ ಒಳಗೆ ಬಂದವರೇ ನಿನ್ನ ಕೈಯಿಂದ ರಿಮೋಟ್ ಕಿತ್ತು ಅಂಬಮ್ಮನನ್ನು ಅಳಿಸಿಹಾಕಿದರು.

ನಿನಗೆ ಆ ಸಂಬಂಧ ಬೇಡವಾಗಿತ್ತು ಎಂದು ನನಗೆ ಗೊತ್ತಿತ್ತು. ಅವರಿಗೆ ತಿಳಿಯಲಿಲ್ಲ. ಸಿಟ್ಟು ಬಂದಾಗ ಗಂಡಸಿಗೆ ಕಿವಿ ಇರುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ, ಅಳಿಸಿದ್ದೂ ಹಾಗೆಯೇ. "ನಮ್ಮವ್ವನ್ನ ನಾನ ಅಳಿಸಿದ್ನಲ್ಲ" ಎಂದು ಈಗ ಊಟದ ಮುಂದೆ ಕೂತು ಹೇಳುತ್ತಾರೆ.

ಮರುದಿನ ಬ್ಯಾಗು ಹಿಡಿದು ಹೊಸ್ತಿಲು ದಾಟುವಾಗ ನೀನು "ಹೋಗ್ತೀನಿ" ಅಂದೆ. "ಬರ್ತೀನಿ ಅನ್ನು" ಎಂದು ನಾನಾದರೂ ಹೇಳಬೇಕಿತ್ತು. ಕುಂಕುಮದ ಬಟ್ಟಲು ಹಿಡಿದುಕೊಂಡೇ ನೀನು ಬೀದಿ ತಿರುಗುವುದನ್ನು ನೋಡಿದೆ. ಇವತ್ತಿಗೂ ಅದು ನನ್ನನ್ನು ಸಂಕಟಪಡಿಸುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಾಸ್ಟೆಲಿನ ಸಾರು ಸೇರದಿದ್ದರೆ ಹೇಳು, ಚಟ್ನಿಪುಡಿ ಕಳಿಸುತ್ತೇನೆ. ನಿನ್ನ ಕೈಕಾಲು ಗಟ್ಟಿಯಾಗಿರಲಿ. ನೀನು ಒಪ್ಪಿದವನೇ ನಿನಗೆ ಸಿಗಲಿ.

ಇಂತಿ ನಿನ್ನ ಅತ್ತಿಗೆ,
ರಂಗಕ್ಕ

ಬೇಕೆಂದೇ ಕೊನೆಗೆ ಇಟ್ಟ ಮಾತು: ಇದನ್ನು ಬರೆಯಬಾರದೆಂದು ನಿಮ್ಮಣ್ಣ ಆಣೆ ಹಾಕಿಸಿದ್ದಾರೆ. ಯುಗಾದಿ ಆದ ಮೇಲೆ, ಪ್ಯಾಂಟಿಗೆ ಗುಂಡಿ ಹೊಡೆಯುವ ಮಷಿನ್ನಿಗೆ ಅವರ ಬಲಗೈ ಹೆಬ್ಬೆರಳು ಸಿಕ್ಕಿತು. ಅರ್ಧ ಬೆರಳು ಹೋಗಿದೆ. ಆಟದಲ್ಲಿ ಉರುಳುವ ಗುಂಡಿ ಒತ್ತುವುದು ಆ ಬೆರಳೇ ಎಂದು ನಿನಗೆ ಗೊತ್ತು. "ಕೈ ಸುದ್ದಿ ಕೇಳಿ ಬರೋದು ಬ್ಯಾಡ, ಸಿಟ್ಟು ಇಳಿದು ಬರ್ಲಿ" ಅನ್ನುತ್ತಾರೆ. ನಾನು ಒತ್ತುತ್ತೇನೆ ಎಂದರೆ ರಿಮೋಟ್ ಕೊಡುವುದಿಲ್ಲ. ನಿನ್ನೆ ಅದೇ ಬಾಗಿಲಲ್ಲಿ ಮತ್ತೆ ಬಿದ್ದರು. ಹೋಗಿ ಬರ್ತೀನಿ ಅನ್ನಲಿಲ್ಲ ವೇಣಿ. "ಸತ್ತೆ" ಅಂದರು.