ಗದ್ದುಗೆ ಏರಿದ ಪುಸ್ತಕ

ಮಾಕಣಿ
12 ಆಗಸ್ಟ್ 2025

ಮಗಳು ಉಜ್ವಲಾಗೆ ನಿನ್ನ ದೊಡ್ಡವ್ವ ಸರುಬಾಯಿಯ ಆಶೀರ್ವಾದ.

ನಾನು ಆರಾಮ. ಮೊಣಕಾಲು ಆರಾಮಿಲ್ಲ, ಅದರ ಸುದ್ದಿ ಬೇಡ. ನೀನು ಮಠದ ವಿಳಾಸಕ್ಕೆ ಪುಸ್ತಕದ ಗಂಟು ಕಳಿಸಿ ತಿಂಗಳಾಯಿತು, ಮುಟ್ಟಿತೆಂದು ನಾನು ಒಂದು ಮಾತು ತಿಳಿಸಲಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಬೈಯಲು ಶುರು ಮಾಡಿದರೆ ನೀನು ರೇಂಜ್ ಇಲ್ಲವೆಂದು ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಕೂತು ಓದು.

ಉದಗೀರದ ಕಾಲೇಜಿನಲ್ಲಿ ಅಷ್ಟು ದೊಡ್ಡ ಗ್ರಂಥಾಲಯ ನೋಡಿಕೊಳ್ಳುವವಳಿಗೆ ಇಷ್ಟು ತಿಳಿಯಬಾರದೇ? ಊರಿನ ಹುಡುಗಿಯರು ಓದಲಿ ಎಂದು ಕಳಿಸಿದೆ, ಸರಿ. ಆದರೆ ಮಹಾರಾಷ್ಟ್ರದ ಈ ಊರಿನಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕನ್ನಡ ಅಕ್ಷರ ಕಂಡರೆ ಜನ ಶರಣರದ್ದೇ ಎಂದು ಕೈ ಮುಗಿಯುತ್ತಾರೆ. ಮೇಲೆ ನೀನು ಎಲ್ಲದಕ್ಕೂ ಹೆಸರು ಕಾಣದಂತೆ ಖಾಕಿ ರಟ್ಟು ಬೇರೆ ಹಾಕಿದ್ದೀ. ಮಠದ ಪಂಚ ನಾಗಣ್ಣ ಗಂಟು ಬಿಚ್ಚಿ, ಒಂದೊಂದಕ್ಕೂ ವಿಭೂತಿ ಹಚ್ಚಿ ಗದ್ದುಗೆಯ ಮೇಲೆ ಇಟ್ಟುಬಿಟ್ಟ. ಅವು ಹುಡುಗಿಯರ ಕತೆಗಳು ಎಂದು ನಾನು ಹೇಳಿದೆ. "ಅಕ್ಕಾ, ನೀ ನಾಕನೇ ಇಯತ್ತಾ ಕಲ್ತಾಕಿ, ಸುಮ್ಮ ಕುಂಡ್ರು" ಎಂದ. ಅವನು ಕಲಿತದ್ದು ಏಳನೆಯದು, ಅದೂ ಮರಾಠಿ.

ಈ ಶ್ರಾವಣ ಕಲ್ಯಾಣದ ಶಾಸ್ತ್ರಿಗಳು ಪುರಾಣ ಹೇಳಲು ಬರಲಿಲ್ಲ. ನಾಗಣ್ಣ ಗದ್ದುಗೆಯಿಂದ ಒಂದು ಪುಸ್ತಕ ತೆಗೆದು ನಾಗನಾಥನ ಮಗಳು ವೈಷ್ಣವಿಯ ಕೈಗೆ ಕೊಟ್ಟ. ಅವಳಿಗೆ ಕನ್ನಡ ಕಲಿಸಿದವಳು ನಾನೇ. ಹತ್ತನೆಯದು ಚಂದಾಗಿ ಪಾಸಾಗಿದ್ದಾಳೆ, ನಿನ್ನ ಕಾಲೇಜಿಗೆ ಬರುವ ಆಸೆ. ಅವಳ ಅಪ್ಪ ಲೋಹಾರಾದ ಗಂಡು ನೋಡಿ ಇಟ್ಟಿದ್ದಾನೆ.

ಹುಡುಗಿ ಓದಿದಳು. ಶಾಲೆ ಬಿಡಿಸಿ ಮದುವೆಗೆ ಕೂಡಿಸಿದ ಒಬ್ಬ ಹುಡುಗಿಯ ಕತೆ. ಜನ ಕಣ್ಣು ಮುಚ್ಚಿ ಕೇಳಿದರು. ನಾಗಣ್ಣ ನಡುನಡುವೆ ಶರಣು ಶರಣು ಎಂದ. ಕತೆಯ ಅಪ್ಪ ಮಗಳ ವಯಸ್ಸು ಹದಿನೆಂಟೆಂದು ಸುಳ್ಳು ಬರೆಸಿದ ಎಂಬಲ್ಲಿಗೆ ಬಂದಾಗ ಜನ ಕಣ್ಣು ಬಿಟ್ಟು ವೈಷ್ಣವಿಯ ಅಪ್ಪನ ಕಡೆ ತಿರುಗಿದರು. ನಾಗನಾಥ ಎದ್ದು ನಿಂತ.

"ಇದ್ಯಾವ ಪುರಾಣರೀ ನಾಗಣ್ಣ? ನಿಲ್ಲಸ್ರಿ."

ನಾಗಣ್ಣನ ಮುಖ ನೀನು ನೋಡಬೇಕಿತ್ತು. ಪುರಾಣವಲ್ಲ ಎಂದರೆ ಇಷ್ಟು ದಿನ ತಾನು ಏನನ್ನು ಪೂಜೆ ಮಾಡಿದಂತಾಯಿತು? ಕೆಮ್ಮಿದ, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ.

"ಗದ್ದುಗಿ ಮ್ಯಾಲಿಂದು ಓದಾಕ ಹಿಡದ ಮ್ಯಾಲ ನಡಕ ಬಿಡಂಗಿಲ್ಲಪಾ. ಮಂಗಲ ಆಗಬೇಕು. ಕುಂಡ್ರು."

ನಮ್ಮ ಮಠದ ಪದ್ಧತಿ ನಿನಗೆ ಗೊತ್ತೇ ಇದೆ. ಮಂಗಲವಾಗುವ ತನಕ ಓದುವವರ ಮನೆಯಲ್ಲಿ ಮದುವೆಯ ಮಾತು ಆಡುವಂತಿಲ್ಲ. ಲೋಹಾರಾದವರು ಫೋನ್ ಮಾಡಿದರೆ ನಾಗನಾಥ ಹಲ್ಲು ಕಚ್ಚಿ ಪುರಾಣ ಮುಗಿಯಲಿ ಎನ್ನುತ್ತಾನೆ. ದಿನಾ ಸಂಜೆ ಬಂದು ಗೋಡೆಯ ಕಡೆ ಮುಖ ಮಾಡಿ ಕೂಡುತ್ತಾನೆ. ಕೇಳುವುದಂತೂ ಕೇಳುತ್ತಾನೆ. ನಾಗಣ್ಣನೋ, ಆ ಹುಡುಗಿಯ ಗತಿ ಮುಂದೇನು ಎಂದು ದಾರಿಯಲ್ಲಿ ನನ್ನನ್ನು ತಡೆದು ಕೇಳುತ್ತಾನೆ.

ನನ್ನ ಸಿಟ್ಟು ಏತಕ್ಕೆಂದು ಈಗ ತಿಳಿಯಿತೇ? ಪುಸ್ತಕ ತೆಳ್ಳಗಿದೆ. ವೈಷ್ಣವಿ ಎಳೆದೆಳೆದು ಓದಿದರೂ ಇನ್ನೆಂಟು ದಿನದಲ್ಲಿ ಮುಗಿಯುತ್ತದೆ. ಉಳಿದವೂ ಹಪ್ಪಳದಂಥವೇ. ಕಳಿಸುವವಳು ಒಂದಾದರೂ ದಪ್ಪನೆಯದು ಕಳಿಸಬಾರದಿತ್ತೇ? ಈಗ ಒಂದು ಹೊತ್ತುಕೊಂಡು ನೀನೇ ಬಾ. ಇದರ ಮಂಗಲಕ್ಕೆ ಮೊದಲೇ ಅದನ್ನು ಓದಲು ಹಿಡಿಯಬೇಕು. ವಿಭೂತಿ ಹಚ್ಚಿಸುವುದು ನನಗೆ ಬಿಡು. ನಾಗನಾಥನ ಎದುರು ಕೂತು ಕಾಲೇಜಿನ ಮಾತು ನೀನು ಎತ್ತು. ನಾನು ಎತ್ತಿದರೆ ಜಗಳವಾಗುತ್ತದೆ. ಖಾಕಿ ರಟ್ಟು ಹಾಕಲು ಮರೆಯಬೇಡ.

ಹೊಟ್ಟೆ ತುಂಬ ಉಣ್ಣು. ಬಸವಣ್ಣ ನಿನ್ನನ್ನು ತಣ್ಣಗೆ ಇಡಲಿ.

ನಿನ್ನ ದೊಡ್ಡವ್ವ
ಸರುಬಾಯಿ

ತಾ.ಕ.: ಸಣ್ಣವಳಿದ್ದಾಗ ನೀನು ಕೇಳುತ್ತಿದ್ದೆ, ತವರಿನ ಪಡಸಾಲೆಯಲ್ಲಿ ನಿನ್ನ ಅವ್ವನ ಫೋಟೋದ ಕೆಳಗೆ ಸತ್ತ ತಾರೀಖು ಇದೆ, ಹುಟ್ಟಿದ್ದು ಯಾಕಿಲ್ಲ ಎಂದು. ನನ್ನ ತಂಗಿ ಸುಗಂಧಾ ನಿನ್ನನ್ನು ಹೆತ್ತು ಹೋದಾಗ ನಮ್ಮಪ್ಪನೇ ಬೇಡವೆಂದ. ಎರಡೂ ಬರೆಸಿದರೆ ನೋಡಿದವರು ಕಳೆದು ಲೆಕ್ಕ ಹಾಕುತ್ತಾರಂತೆ. ಅವಳಿಗೆ ಆಗ ವೈಷ್ಣವಿಯಷ್ಟೇ ವಯಸ್ಸು.