ವಾಚಿನೊಳಗಿನ ಅಂಗಿ ಗುಂಡಿಗಳು

ಸೋಲಾಪುರ
ಶುಕ್ರವಾರ, ೭-೨-೨೦೨೫

ಪ್ರೀತಿಯ ಕೈಲಾಸ,

ನಗು ಮುಗಿಯಿತೇನಪ್ಪ? ನಿನ್ನೆ ಫೋನಿನಲ್ಲಿ ನಾನು ವಾಚಿನ ಮಾತು ತೆಗೆಯುವಷ್ಟರಲ್ಲಿ ನೀನು ನಕ್ಕು, ಕೆಮ್ಮಿ, ಮತ್ತೆ ನಕ್ಕು, ಫೋನು ಇಟ್ಟೇಬಿಟ್ಟೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದ ನಡುವೆ ಬಾಯಿ ಹಾಕಲು ಯಾರಿಗೂ ಬರುವುದಿಲ್ಲ. ಮೊದಲು ಕುಶಲ ಕೇಳಬೇಕು, ಎಷ್ಟಾದರೂ ಹೆಂಡತಿಯ ತಮ್ಮ ನೀನು. ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತೀಯೋ, ಇಲ್ಲ ಅಕ್ಕಲಕೋಟದ ತುಂಬ ಲಗ್ನದ ಆಮಂತ್ರಣ ಹಂಚುತ್ತ ಇನ್ನಷ್ಟು ಕೆಡಿಸಿಕೊಂಡೆಯೋ? ನಿನ್ನ ಹೆಂಡತಿ ಸುಮಿತ್ರಾಬಾಯಿಗೆ ಕಣ್ಣಿನ ಆಪರೇಶನ್ ಆದಮೇಲೆ ಅಕ್ಕಿಯೊಳಗಿನ ಕಲ್ಲು ಕಾಣುತ್ತಿದೆಯೇ? ಮೊಮ್ಮಗಳು ಶ್ರದ್ಧಾಳ ಲಗ್ನದ ಓಡಾಟದಲ್ಲಿ ಗುಳಿಗೆ ಮರೆಯಬೇಡ. ಆ ದಿನ ನೀನು ಗಟ್ಟಿಮುಟ್ಟಾಗಿ, ನೆಟ್ಟಗೆ, ಹಂದರದ ಎಲ್ಲ ಮೂಲೆಗೂ ಕಾಣುವಂತೆ ನಿಂತಿರಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ನನ್ನ ಮಟ್ಟಿಗೆ, ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ದಿ ಸೇಮ್. ಮುಂದಿನ ವಾಕ್ಯವೊಂದಿತ್ತು, ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ, ಹೋಯಿತು. ಸೊಸೆ ಮಯೂರಿ ಚಹಾ ಇಟ್ಟು ಹೋಗುವಾಗ ನನ್ನ ಬೆನ್ನ ಹಿಂದೆ ನಿಂತು ಇಣುಕಿದಳು. ಇಣುಕಲಿ. ಅವಳದು ಮರಾಠಿ ಸಾಲೆ, ಒಂದಕ್ಷರ ತಿಳಿಯುವುದಿಲ್ಲ. ನಿನ್ನ ಮನೆಯಲ್ಲೂ ಈಗ ಕನ್ನಡ ಓದುವವನು ನೀನೊಬ್ಬನೇ, ಅದೂ ಕರಜಗಿ ಸಾಲೆಯ ಮಾಸ್ತರರ ಛಡಿಯ ಪುಣ್ಯದಿಂದ. ಆದ್ದರಿಂದ ಇದನ್ನು ಓದಿ ಹೇಳೆಂದು ಯಾರ ಕೈಯಲ್ಲೂ ಕೊಡಲಾರೆ. ಕನ್ನಡಕ ಹಾಕಿಕೊಂಡು ನೀನೇ ಓದಬೇಕು, ಕಡೆಯತನಕ.

ನಿನ್ನ ಅಕ್ಕ, ನನ್ನ ಇಂದು, ತೀರಿಕೊಂಡಮೇಲೆ ನಾನು ಏನು ಮಾಡುತ್ತೇನೆಂದು ನೀವೆಲ್ಲ ಕೇಳುತ್ತಿದ್ದಿರಲ್ಲ. ಚಾದರದ ಅಂಗಡಿಯನ್ನು ಮಗ ನೋಡುತ್ತಾನೆ, ನಾನು ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕೆಂಪು ಅಂಕಿಯ ಹಳೆಯ ವಾಚು ರಿಪೇರಿ ಮಾಡುತ್ತೇನೆ. ಎಲ್‌ಇಡಿ ವಾಚು. ಪಕ್ಕದ ಬಟನ್ ಒತ್ತಿದರೆ ಮಾತ್ರ ಗಾಜಿನ ಹಿಂದೆ ಕೆಂಪಗೆ ಟೈಮು ಬರುತ್ತದೆ, ಬೆರಳು ತೆಗೆದರೆ ಮತ್ತೆ ಕತ್ತಲು. ಒಂದೊಂದು ಸಲ ಒತ್ತಿದಾಗಲೂ ಒಳಗಿನ ಸೆಲ್ಲು ಸವೆಯುತ್ತದೆ, ಹೆಚ್ಚು ಮೆರೆದರೆ ಬೇಗ ಬರಿದು. ಮಂಗಳವಾರದ ಬಜಾರಿನಲ್ಲಿ ಮುರುಕು ರೇಡಿಯೋ, ತುಕ್ಕಿನ ಕತ್ತರಿಗಳ ನಡುವೆ ಇಂಥ ಸತ್ತ ವಾಚು ಬಿದ್ದಿರುತ್ತವೆ. ತಂದು, ಹಿಂದಿನ ಮುಚ್ಚಳ ಬಿಚ್ಚಿ, ಸೆಲ್ಲು ಸೋರಿ ಕಟ್ಟಿದ ಹಸಿರು ಕಿಲುಬನ್ನು ನಿಂಬೆರಸದಿಂದ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಕೂದಲಿಗಿಂತ ತೆಳ್ಳಗಿನ ತಂತಿ ಕಡಿದಿದ್ದರೆ ಭೂತಗನ್ನಡಿ ಹಿಡಿದು ಬೆಸೆಯುತ್ತೇನೆ. ಸಣ್ಣ ತಿರುಪು ಎತ್ತಲು ಇಂದುವಿನ ಪಿನ್ನೇ ಬೇಕು. ನೆನಪಿರಬೇಕು ನಿನಗೆ, ತನ್ನ ಪಿನ್ನಿಗೆಲ್ಲ ಒಂದೊಂದು ಕರಿಮಣಿ ಪೋಣಿಸಿ ಬಳೆಗೆ ನೇತು ಹಾಕುತ್ತಿದ್ದಳು. ಯಾರು ಇಸಿದುಕೊಂಡರೂ ಗುರುತು ಹಿಡಿದು ವಾಪಸು ಕೇಳಲು. ಸತ್ತ ವಾಚೊಂದು ಕಣ್ಣು ಬಿಟ್ಟಾಗ ಆಗುವ ಸುಖವನ್ನು ನಿನಗೆ ಹೇಳಿ ಪ್ರಯೋಜನವಿಲ್ಲ. ನೀನು ಜೀವಂತ ವಾಚನ್ನು ಕೊಂದವನು.

ಕಮಿಂಗ್ ಟು ದಿ ಪಾಯಿಂಟ್. ಶ್ರದ್ಧಾಳ ಲಗ್ನಕ್ಕೆ ಉಡಲು ಅತ್ತೆಯ ಇಳಕಲ್ ಸೀರೆ ಬೇಕೆಂದು ಮಯೂರಿ ಟ್ರಂಕು ತೆಗೆದಳು. ಸೀರೆಯ ಮಡಿಕೆಯಲ್ಲಿ ಆ ವಾಚು ಇತ್ತು. ಎಪ್ಪತ್ತೆಂಟರಲ್ಲಿ ನನ್ನ ಲಗ್ನಕ್ಕೆ ನೀನು ಬೊಂಬಾಯಿಯಿಂದ ತಂದ ವಾಚು. ಒಂದು ಅಳಿಯನಿಗೆ, ಅಂಥದೇ ಇನ್ನೊಂದು ನಿನಗೆ. ಅರಿಶಿನದ ದಿನ ನಿಮ್ಮ ಅಪ್ಪ ಅದನ್ನು ನನ್ನ ಕೈಗೆ ಕಟ್ಟಿದಾಗ ಚೆನ್ನಾಗಿ ಉರಿಯುತ್ತಿತ್ತು, ನಾನೇ ಒತ್ತಿ ನೋಡಿದ್ದೆ. ಮರುದಿನ ಸುರಗಿ ನೀರಿನ ಮದುವೆ ಜಳಕಕ್ಕೆ ಕೂಡುವ ಮೊದಲು ಬಿಚ್ಚಿ ನಿನ್ನ ಕೈಗೆ ಕೊಟ್ಟೆ. ಮೈ ಒರೆಸಿಕೊಂಡು ಬಂದಾಗ ನೀನೇ ವಾಪಸು ಕಟ್ಟಿದೆ. ಎಷ್ಟು ಪ್ರೀತಿಯಿಂದ ಕಟ್ಟಿದೆ!

ಆಮೇಲೆ ಅಕ್ಕಿಕಾಳಿನ ಹೊತ್ತು, ಮುಹೂರ್ತದ ಗಳಿಗೆಗೆ ಸರಿಯಾಗಿ ನಮ್ಮ ತಲೆಯ ಮೇಲೆ ಅಕ್ಷತೆ ಬೀಳಬೇಕು. ನಿಮ್ಮೂರು ಕರಜಗಿ ಇಡಿಯಾಗಿ ಹಂದರದಲ್ಲಿತ್ತು. ಹೊಸ ವಾಚು ಊರಿಗೆ ಕಾಣಲೆಂದು ನಿಮ್ಮ ಅಪ್ಪ, 'ಟೈಮ್ ನಮ್ಮ ಅಳಿಯಂದಿರ ಹೇಳ್ಲಿ' ಎಂದರು. ಒತ್ತಿದೆ. ಕತ್ತಲು. ಮತ್ತೆ ಒತ್ತಿದೆ. ಸ್ವಾಮಿಗಳು ಮಂತ್ರ ನಿಲ್ಲಿಸಿ ನನ್ನ ಮುಖ ನೋಡಿದರು. ಆಗ ನೀನು ಮುಂದೆ ಬಂದು, ನಿನ್ನ ವಾಚಿನ ಮೇಲೆ ಅಂಗೈ ಮರೆ ಮಾಡಿ ಒತ್ತಿ, ಕೆಂಪಗೆ ಬೆಳಗಿಸಿ, ಟೈಮು ಕೂಗಿದೆ. ಅಕ್ಕಿ ಬಿದ್ದದ್ದು ನಿನ್ನ ಮಾತಿಗೆ. 'ಒದ್ದಿ ಕೈಗೆ ಕಟ್ಕೊಂಡಾರ ನೋಡ್ರಿ, ಸುರಗಿ ನೀರು ಕುಡದು ಸತ್ತೈತಿ' ಎಂದೂ ನೀನೇ ಹೇಳಿದೆ. ನನ್ನ ಕೈ ಒದ್ದೆಯಿದ್ದದ್ದು ನಿಜ, ಆದ್ದರಿಂದ ನಾನೂ ನಂಬಿದೆ. ನಿನ್ನ ದೊಡ್ಡಪ್ಪನ ಮಗಳು ಬೀರವ್ವ ಊಟದ ಪಂಕ್ತಿಯಲ್ಲೇ ಒಡಪು ಕಟ್ಟಿದಳು:

'ಸುರಗಿ ನೀರಾಗ ಮುಳುಗಿ ಸತ್ತಿತ ಬೊಂಬಾಯಿ ಘಡಿ,
ಇಂದೂನ ಗಂಡಗ ಟೈಮ್ ಕೇಳಬ್ಯಾಡ, ಸುಮ್ನ ನಡಿ.'

ಅದನ್ನು ಒಂದೇ ದಿನಕ್ಕೆ ಬಿಟ್ಟಿರೇನು? ಜಾವಳ, ಸೀಮಂತ, ಮನೆಶಾಂತಿ, ಎಲ್ಲಿ ಹೋದರೂ 'ಮಾವಾರ, ಟೈಮ್ ಎಷ್ಟಾತ್ರಿ?' ನನ್ನ ಮಗನ ಲಗ್ನದಲ್ಲಿ, ಬೀಗರ ಮುಂದೆ, ಮೈಕು ಹಿಡಿದು ಕೇಳಿದೆ ನೀನು. ಒಂದು ಘಡಿ ಕಾಯಲು ಬರದವನೆಂದು ನಿಮ್ಮ ಅಪ್ಪ ಸಾಯುವ ತನಕ ಒಂದು ವ್ಯವಹಾರದ ಮಾತನ್ನೂ ನನ್ನ ಹತ್ತಿರ ಆಡಲಿಲ್ಲ. ನಾನು ರಿಪೇರಿಗೆ ಒಯ್ಯುತ್ತೇನೆ ಎಂದಾಗಲೆಲ್ಲ ಇಂದು ಟ್ರಂಕಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, 'ಸತ್ತದ್ದನ್ನ ಯಾಕ ಕೆದಕ್ತೀರಿ, ಇರ್ಲಿ ಬಿಡ್ರಿ, ನನ್ನ ತಮ್ಮ ಕೊಟ್ಟದ್ದೈತಿ' ಎನ್ನುತ್ತಿದ್ದಳು. ತಮ್ಮನ ಮೇಲಿನ ಮಾಯೆ ಎಂದುಕೊಂಡು ನಾನೂ ಬಿಟ್ಟೆ.

ಈಗ ಬಿಚ್ಚಿದ್ದೇನೆ. ನೀರು ಹೊಕ್ಕ ವಾಚು ನನಗೆ ಗೊತ್ತು, ಒಳಗೆ ಕಿಲುಬು, ಬಿಳಿಯ ಹೊಪ್ಪಳಿಕೆ, ಕಪ್ಪಾದ ತಂತಿ. ಇದರೊಳಗೆ ಒಂದು ಕಲೆಯಿಲ್ಲ. ಚಿನ್ನದ ನೀರು ಹಾಕಿದ ಪಟ್ಟಿಗಳು ಬೊಂಬಾಯಿಯ ಅಂಗಡಿಯಲ್ಲಿ ಹೊಳೆದಂತೆಯೇ ಹೊಳೆಯುತ್ತಿವೆ. ಆದರೆ ಎರಡು ಸೆಲ್ಲು ಇರಬೇಕಾದ ಜಾಗದಲ್ಲಿ ಸೆಲ್ಲುಗಳಿಲ್ಲ. ಏನಿತ್ತು ಹೇಳು ನೋಡೋಣ. ಎರಡು ಬಿಳಿಯ ಅಂಗಿ ಗುಂಡಿ! ಮುಚ್ಚಳ ಒಳಗೆ ಕುಸಿಯದಿರಲೆಂದು ಅಳತೆ ನೋಡಿ ಕೂರಿಸಿದ್ದೆ ನೀನು, ಭಲೇ. ಒಂದರಲ್ಲಿ ನೂಲಿನ ತುಂಡು ಇನ್ನೂ ಇದೆ. ವಾರವಿಡೀ ಹುಡುಗಿಯರಿಗೆ ತೋರಿಸಿ ತೋರಿಸಿ ನಿನ್ನ ವಾಚಿನ ಸೆಲ್ಲು ಬರಿದಾಗಿತ್ತು, ಆಗ ಅವು ಸೋಲಾಪುರದಲ್ಲೂ ಸಿಗುತ್ತಿರಲಿಲ್ಲ. ನಾನು ಸುರಗಿಗೆ ಕೂತಾಗ ನೀನು ನನ್ನ ವಾಚಿನ ಸೆಲ್ಲು ತೆಗೆದು ನಿನ್ನದಕ್ಕೆ ಹಾಕಿಕೊಂಡೆ. ಸರ್ಕಮ್‌ಸ್ಟ್ಯಾನ್ಶಿಯಲ್ ಎವಿಡೆನ್ಸ್ ಎನ್ನುತ್ತೀಯಾ? ಅಕ್ಕಿಕಾಳಿನ ಫೋಟೋ ತೆಗೆದು ನೋಡಿದೆ. ವಾಚು ಎತ್ತಿ ಹಿಡಿದು ನಗುತ್ತಿರುವ ಕೈಲಾಸಪ್ಪನವರ ಎದೆಯ ಮೇಲೆ ಎರಡು ಗುಂಡಿ ಇಲ್ಲ, ಆ ಜಾಗದಲ್ಲಿ ಎರಡು ಪಿನ್ನುಗಳಿವೆ. ಹೆನ್ಸ್ ಪ್ರೂವ್ಡ್.

ನಿನ್ನೆ ನೀನೇ ಕರೆದೆಯಲ್ಲ, 'ಶ್ರದ್ಧಾನ ಅಕ್ಕಿಕಾಳಿನ ಟೈಮ್ ನೀವ ಹೇಳ್ಬೇಕ್ರಿ ಮಾವಾರ, ಆ ಘಡಿ ಕಟ್ಕೊಂಡ ಬರ್ರಿ' ಎಂದು. ಬರುತ್ತೇನೆ. ಹೊಸ ಸೆಲ್ಲು ಹಾಕಿದ್ದೇನೆ, ಹಣ್ಣು ಮೆಣಸಿನಕಾಯಿಯಂತೆ ಉರಿಯುತ್ತಿದೆ. ಹಂದರದ ನೆರಳಿನಲ್ಲಿ ನಿಂತು ಒತ್ತುತ್ತೇನೆ, ಟೈಮು ಹೇಳುತ್ತೇನೆ, ಅಕ್ಕಿ ಬೀಳಲಿ, ಮಕ್ಕಳಿಗೆ ಒಳ್ಳೆಯದಾಗಲಿ. ಆಮೇಲೆ ಮೈಕು ನನ್ನ ಕೈಗೆ ಬರಬೇಕು. ಫೋಟೋವನ್ನು ಬಾಗಿಲಗಲ ಮಾಡಿಸಿ ತರುತ್ತೇನೆ. ಸೂಜಿ ನೂಲು ತರುತ್ತೇನೆ, ನಿನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಎರಡೂ ಗುಂಡಿಗಳನ್ನು ನಿನ್ನ ರೇಷ್ಮೆ ಅಂಗಿಯ ಮೇಲೆ ಸಾವಕಾಶವಾಗಿ ಹೊಲಿಯುತ್ತೇನೆ. ಅವಸರವಿಲ್ಲ ನನಗೆ. ಹೊಸ ಬೀಗರು ಏನಿದು ಎಂದು ಕೇಳುತ್ತಾರೆ, ನೀನೇ ನಿನ್ನ ಬಾಯಿಂದ ಹೇಳುತ್ತೀ. ಬೀರವ್ವನಿಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸು, ಅವಳ ಒಡಪಿಗೆ ಜೋಡಿ ಕಟ್ಟಿದ್ದೇನೆ:

'ಘಡಿಯ ಹೊಟ್ಟ್ಯಾಗ ಗುಂಡಿ ಸಿಕ್ಕು, ಸೆಲ್ಲು ಕಳ್ಳನ ಕೈಯಾಗ,
ಕೈಲಾಸಪ್ಪಗ ಟೈಮ್ ಕೇಳ್ರಿ ತುಂಬಿದ ಹಂದರದಾಗ.'

ನಿನ್ನ ಮೊಮ್ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಿಯೇ ಸೋಲಾಪುರದ ಬಸ್ಸು ಹತ್ತುತ್ತೇನೆ. ಮುಂದೆ ಜಾವಳವಿರಲಿ, ಸೀಮಂತವಿರಲಿ, ನೀನು ಹೋದಲ್ಲೆಲ್ಲ ಅದು ನಿನಗಿಂತ ಮೊದಲು ಹೋಗಿ ಕೂತಿರಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಚಂದದ ಶಬ್ದವಿದೆ, ರಿವೆಂಜ್ ಅಲ್ಲ, ಇನ್ನೂ ಉದ್ದನೆಯದು. ರೆಟ್ರಿ... ಬರುತ್ತಿಲ್ಲ. ಕಿಟಕಿಯ ಬೆಳಕೂ ಹೋಗುತ್ತಿದೆ, ಸಾಲು ಸೊಟ್ಟಗಾಗುತ್ತಿದೆ, ಲಕೋಟೆಗೆ ಫೋಟೋದ ಪ್ರತಿ ಹಾಕುವ ಮೊದಲು ಇನ್ನೊಮ್ಮೆ ನೋಡಿ ಮುಗಿಸುತ್ತೇನೆ. ಸುಮಿತ್ರಾಬಾಯಿಗೆ ನಮಸ್ಕಾರ, ಶ್ರದ್ಧಾಳಿಗೆ ತುಂಬು ಹರಕೆ. ನಿನಗೆ ಕೊಡುವುದನ್ನು ಹಂದರದಲ್ಲಿ ಕೊಡುತ್ತೇನೆ.

ನಿನ್ನ ಅಕ್ಕನ ಗಂಡ,
ಶಾಂತಲಿಂಗಪ್ಪ

ತಾ.ಕ.: ಕೈಲಾಸ, ಈಗಷ್ಟೇ ಫೋಟೋದ ಮೇಲೆ ಭೂತಗನ್ನಡಿ ಇಟ್ಟೆ. ನಿನ್ನ ಎದೆಯ ಪಿನ್ನಿನ ತುದಿಯಲ್ಲಿ ಕರಿಮಣಿ ಇದೆ. ಎರಡರಲ್ಲೂ ಇದೆ. ಸುರಗಿ ಮುಗಿದಮೇಲೆ ನಿನ್ನ ಅಕ್ಕ ತಾನೇ ಚುಚ್ಚಿದಳೇ? ಗುಂಡಿ ಏನಾದವು ಎಂದು ಕೇಳಲಿಲ್ಲವೇ? ಟ್ರಂಕಿನ ಕೀಲಿ ನೆನಪಾಗುತ್ತಿದೆ ನನಗೆ. ಈ ಫೋಟೋ ದೊಡ್ಡದು ಮಾಡಿಸಿದರೆ ಬೀರವ್ವ ಮೊದಲು ನೋಡುವುದು ಆ ಮಣಿಯನ್ನೇ. ಇಂದುಗೆ ಗೊತ್ತಿತ್ತೋ ಇಲ್ಲವೋ, ಅಷ್ಟು ಮಾತ್ರ ಬರಿ. ಫೋನು ಮಾಡಬೇಡ, ಕಾಗದ ಬರಿ. ಗೊತ್ತಿರಲಿಲ್ಲ ಎಂದರೆ ಮೇಲೆ ಬರೆದದ್ದೆಲ್ಲ ಬರೆದಂತೆಯೇ ನಡೆಯುತ್ತದೆ. ಗೊತ್ತಿತ್ತು ಎಂದರೆ ಸೆಲ್ಲು ತೆಗೆದು ಗುಂಡಿಗಳನ್ನು ಇದ್ದಲ್ಲೇ ಇಟ್ಟು ಬರುತ್ತೇನೆ. ನೀನು ಟೈಮು ಕೇಳು, ನಾನು ಒತ್ತುತ್ತೇನೆ, ಹಂದರವೆಲ್ಲ ನಗಲಿ.